ಕಣ್ಣಿನ ಪರೀಕ್ಷೆಗೆ ಪಾಸಿಂಗ್ ಪ್ಯಾಕೇಜ್

ನಾನು ಹನೂರು ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಮನೆ ಕೊಳ್ಳೇಗಾಲದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುತ್ತೇನೆ, ಸಂಜೆ ಬಸ್ಸಿನಲ್ಲಿ ಬರುತ್ತೇನೆ, ಹೀಗೇ ಇಪ್ಪತ್ತೆಂಟು ವರ್ಷ ಆಯಿತು. ಪಿ.ಟಿ. ಮೇಷ್ಟ್ರೆಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಗಣಿತದವರು ರಜೆ ಹಾಕಿದಾಗ ಅವರ ಪೀರಿಯಡ್ಡಿನಲ್ಲಿ ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಳ್ಳುವವನು. ಬಿಸಿಯೂಟದ ಸಾಲು ನೇರ ಮಾಡುವವನು. ದೊಡ್ಡವರು ಯಾರಾದರೂ ಬಂದರೆ ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸುವವನು. ಮಿಕ್ಕ ಸಮಯದಲ್ಲಿ ಆಟ ಆಡಿಸುವವನು.

ಎರಡು ವರ್ಷದ ಕೆಳಗೆ ನಮ್ಮಂಥವರಿಗೆಲ್ಲ ಕೊಳ್ಳೇಗಾಲದಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ಮಧ್ಯಾಹ್ನ ಊಟಕ್ಕೆ ಕೇಸರಿಬಾತು ಹಾಕಿದ್ದರಿಂದ ಊಟವಾದ ಮೇಲೆ ಅರ್ಧ ಜನ ತೂಕಡಿಸುತ್ತಿದ್ದರು, ನಾನೂ ಆ ಅರ್ಧದಲ್ಲಿದ್ದೆ. ಆಗ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು, "ಆಟದಲ್ಲಿ ಮಗುವಿನ ತಲೆಗೆ ಏಟು ಬಿದ್ದರೆ ನೀವು ಏನು ಮಾಡ್ತೀರಿ?" ಎಂದು ಕೇಳಿದಳು. ಒಬ್ಬರು ತಣ್ಣೀರು ಎರಚುತ್ತೇವೆ ಎಂದರು. ಒಬ್ಬರು ಈರುಳ್ಳಿ ಮೂಸಿಸುತ್ತೇವೆ ಎಂದರು. ನಾನು, ಎರಡು ನಿಮಿಷ ಕೂರಿಸಿ, ಬಾಯಿಗೆ ಸಕ್ಕರೆ ಹಾಕಿ, ಮತ್ತೆ ಆಟಕ್ಕೆ ಬಿಡುತ್ತೇವೆ ಎಂದೆ. ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ದಯವಿಟ್ಟು ಇದ್ಯಾವುದನ್ನೂ ಮಾಡಬೇಡಿ" ಎಂದಳು.

ಆಮೇಲೆ ಆಕೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ತೋರಿಸುವುದಕ್ಕೆ ನನ್ನನ್ನೇ ಎಬ್ಬಿಸಿ ನಿಲ್ಲಿಸಿದಳು. ತಲೆಗೆ ಏಟು ಬಿದ್ದಾಗ ಮಿದುಳು ಒಳಗೆ ಕುಲುಕಿ ಹೋಗುತ್ತದಂತೆ. ಡಬ್ಬಿಯಲ್ಲಿ ಮೊಸರು ಒಯ್ಯುವಾಗ ಬಸ್ಸು ಹಳ್ಳಕ್ಕೆ ಇಳಿದ ಹಾಗೆ. ಡಬ್ಬಿಗೆ ಏನೂ ಆಗಿರುವುದಿಲ್ಲ, ಮೊಸರು ಮಾತ್ರ ಮೊದಲಿನ ಹಾಗೆ ಇರುವುದಿಲ್ಲ. ಸ್ಕ್ಯಾನಿನಲ್ಲೂ ಎಷ್ಟೋ ಸಲ ಏನೂ ಕಾಣುವುದಿಲ್ಲ. ಆದರೆ ಕಣ್ಣು ಸುಳಿವು ಕೊಡುತ್ತದೆ. ಎರಡು ಕಣ್ಣನ್ನು ಜೋಡಿಯಾಗಿ ಓಡಿಸುವುದು ಮಿದುಳಿಗೆ ಬಹಳ ದೊಡ್ಡ ಕೆಲಸ, ಕುಲುಕಿದ ಮಿದುಳಿಗೆ ಅದು ಸರಿಯಾಗಿ ಕೈಗೂಡುವುದಿಲ್ಲ.

ಪರೀಕ್ಷೆ ಬಹಳ ಸುಲಭ. ತಲೆ ಅಲ್ಲಾಡಿಸಬಾರದು. ಎದುರಿಗೆ ಒಂದು ಪೆನ್ನು ಹಿಡಿದು ನಿಧಾನವಾಗಿ ಬಲಕ್ಕೆ, ಎಡಕ್ಕೆ, ಮೇಲೆ, ಕೆಳಗೆ ಆಡಿಸಬೇಕು. ಕಣ್ಣು ಪೆನ್ನಿನ ಹಿಂದೆ ನುಣ್ಣಗೆ ಜಾರಬೇಕು, ಕುಪ್ಪಳಿಸಬಾರದು. ಆಮೇಲೆ ಪೆನ್ನನ್ನು ಮೂಗಿನ ಕಡೆಗೆ ತರುತ್ತಾ ಹೋಗಬೇಕು. ಮೂಗಿಗೆ ತೀರಾ ಹತ್ತಿರ ಬಂದಾಗ ಒಂದು ಪೆನ್ನು ಎರಡಾಗಿ ಕಂಡರೆ ಸರಿ, ಒಂದು ಗೇಣು ದೂರದಲ್ಲೇ ಎರಡಾದರೆ ಸರಿಯಿಲ್ಲ. ಕೊನೆಗೆ ನಾಲ್ಕು ಪ್ರಶ್ನೆ: ತಲೆನೋವು ಬಂತಾ, ತಲೆ ಸುತ್ತಿತಾ, ವಾಕರಿಕೆ ಬಂತಾ, ಮಬ್ಬು ಕವಿದ ಹಾಗಾಯಿತಾ. ಇದೊಂದರಿಂದಲೇ ಎಲ್ಲ ತೀರ್ಮಾನ ಮಾಡಬೇಡಿ, ಅನುಮಾನ ಬಂದರೆ ಮಗುವನ್ನು ಆಟದಿಂದ ಎಬ್ಬಿಸಿ ನಮ್ಮ ಹತ್ತಿರ ಕರೆತನ್ನಿ ಎಂದು ಹೇಳಿ ಕಳಿಸಿದಳು. ನನ್ನ ಕಣ್ಣು ನೋಡಿ, "ಸರ್, ನಿಮಗೆ ಕನ್ನಡಕ ಬೇಕು" ಎಂದಳು. ಸಭೆ ನಕ್ಕಿತು. ಕನ್ನಡಕ ಹಾಕಿಸಿಕೊಂಡೆ.

ಇನ್ನು ಆ ಹುಡುಗಿಯ ವಿಷಯ. ಹತ್ತನೇ ಕ್ಲಾಸು. ಊರು ಗೋಪಿನಾಥಂ; ಕಾಡಿನ ಆಚೆ, ತಮಿಳುನಾಡಿನ ಗಡಿ. ಬಸ್ಸು ಲೆಕ್ಕಕ್ಕೆ ಉಂಟು, ನೆಚ್ಚಿಕೊಳ್ಳುವುದಕ್ಕಿಲ್ಲ. ಅದಕ್ಕೇ ನಮ್ಮ ಸ್ಕೂಲಿನ ಪಕ್ಕದ ಹಾಸ್ಟೆಲ್ಲಿನಲ್ಲಿದ್ದಳು. ಅಪ್ಪ ಇಲ್ಲ. ಅಮ್ಮ ಕಾಡಿನ ಕೂಲಿಗೆ ಹೋಗುತ್ತಾರೆ. ಓದಿನಲ್ಲಿ ಮೂವತ್ತೈದರ ಆಸುಪಾಸು, ಒಮ್ಮೊಮ್ಮೆ ಆಸು, ಒಮ್ಮೊಮ್ಮೆ ಪಾಸು. ಖೋಖೋದಲ್ಲಿ ಮಾತ್ರ ಅವಳನ್ನು ಹಿಡಿಯುವವರೇ ಇರಲಿಲ್ಲ. ಓಡುತ್ತಾ ಓಡುತ್ತಾ ಕಂಬವನ್ನು ಒಂದು ಕೈಯಲ್ಲಿ ತಬ್ಬಿ ಗಿರಕಿ ಹೊಡೆದು ಇತ್ತ ಕಡೆ ಬರುತ್ತಿದ್ದಳು. ಹಿಂದೆ ಬಂದವಳು ಅತ್ತ ಕಡೆ ಹೋಗಿ ನಿಂತಿರುತ್ತಿದ್ದಳು. ನಾನು ಯಾರನ್ನೂ ಹೊಗಳುವುದಿಲ್ಲ. ಅವಳನ್ನು ಬೈಯುತ್ತಿರಲಿಲ್ಲ, ಅಷ್ಟೇ. ಅದರಿಂದಲೇ ಮಿಕ್ಕವರಿಗೆ ಅರ್ಥವಾಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಯಳಂದೂರಿನಲ್ಲಿ ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆ ಇತ್ತು. ಅಲ್ಲಿ ಸೀಟು ಸಿಕ್ಕರೆ ಪಿಯುಸಿ ಎರಡು ವರ್ಷ ಊಟ, ವಸತಿ, ಓದು, ಆಟ. ಬೇರೆ ಹಾಸ್ಟೆಲ್ಲುಗಳೂ ಇವೆ, ಅವರು ಮಾರ್ಕು ನೋಡುತ್ತಾರೆ. ಇವರು ಕಾಲು ನೋಡುತ್ತಾರೆ. ಸೀಟು ಸಿಗದಿದ್ದರೆ ಅವಳು ಊರಿಗೆ ವಾಪಸ್ಸು, ಅಮ್ಮನ ಜೊತೆ ಕೂಲಿಗೆ. ಅಮ್ಮ ಇದನ್ನು ಮುಚ್ಚುಮರೆ ಇಲ್ಲದೆ ಹೇಳಿದ್ದರು. "ಸೀಟ್ ಸಿಕ್ತು ಅಂದ್ರ ಓದ್ಲಿ ಸಾ. ಇಲ್ಲಾಂದ್ರ ನನ್ ಜೊತ್ಗ ಬರ್ಲಿ. ನಾನೊಬ್ಳೇ ಎಷ್ಟ್ ದಿಸ ಎಳ್ಯದು?" ಎಂದಿದ್ದರು. ನಾನು, ಸಿಕ್ಕೇ ಸಿಗುತ್ತದೆ ಎಂದಿದ್ದೆ. ಹಾಗೆ ಹೇಳಬಾರದಿತ್ತು.

ಆಯ್ಕೆಗೆ ಹನ್ನೆರಡು ದಿನ ಇರುವಾಗ ಅವಳು ಕಂಬಕ್ಕೆ ಡಿಕ್ಕಿ ಹೊಡೆದಳು. ಕೈ ಜಾರಿತು, ಹಣೆ ಹೋಗಿ ಕಂಬಕ್ಕೇ ಬಡಿಯಿತು. ಬಿದ್ದವಳು ತಕ್ಷಣ ಎದ್ದಳು. ಎದ್ದವಳು ಎದುರಾಳಿಗಳ ಸಾಲಿನಲ್ಲಿ ಹೋಗಿ ಕೂತುಕೊಂಡಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದೆ. ಬಲಕ್ಕೆ ಆಡಿಸಿದರೆ ಕಣ್ಣು ಅರ್ಧ ದಾರಿ ಬಂದು ನಿಂತು, ಆಮೇಲೆ ನೆಗೆದು ಪೆನ್ನನ್ನು ಹಿಡಿದುಕೊಂಡವು. ಒಂದು ಮೊಳ ದೂರದಲ್ಲೇ, "ಎಲ್ಡ್ ಕಾಣ್ತವ ಸಾ" ಎಂದಳು. ಆಮೇಲೆ ನನ್ನ ಬೂಟಿನ ಮೇಲೆ ವಾಂತಿ ಮಾಡಿಕೊಂಡಳು.

ಕೊಳ್ಳೇಗಾಲಕ್ಕೆ ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. "ಒಳಗೆ ಅದುರಿದೆ, ವಾಸಿಯಾಗುತ್ತೆ. ಆದರೆ ವಾಸಿಯಾಗುವುದಕ್ಕೆ ಮುಂಚೆ ಇನ್ನೊಂದು ಏಟು ಬಿತ್ತೋ, ಪ್ರಾಣಕ್ಕೇ ಅಪಾಯ ಸರ್" ಎಂದಳು. ಆಯ್ಕೆಯ ವಿಷಯ ಹೇಳಿದೆ. ಆಯ್ಕೆಯ ಹಿಂದಿನ ದಿನ, ಶುಕ್ರವಾರ, ಮತ್ತೆ ಕರೆತನ್ನಿ, ಅಲ್ಲಿಯವರೆಗೆ ಓಟ ಬೇಡ, ಮೊಬೈಲು ಬೇಡ, ನೀವು ದಿನಾ ಒಮ್ಮೆ ಕಣ್ಣು ನೋಡಿ ಬರೆದಿಡಿ, ಹುಷಾರಾಗಿದ್ದರೆ ನೋಡೋಣ ಎಂದಳು. ಆ 'ನೋಡೋಣ' ಎಂಬ ಮಾತನ್ನು ನಾವೆಲ್ಲ ಗಟ್ಟಿಯಾಗಿ ಹಿಡಿದುಕೊಂಡೆವು.

ದಿನಾ ಮಧ್ಯಾಹ್ನ ಊಟವಾದ ಮೇಲೆ ಹೊಂಗೆ ಮರದ ಕೆಳಗೆ ಪರೀಕ್ಷೆ. ಇಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ಪರೀಕ್ಷೆ ಮಾಡುವಾಗ ಇಡೀ ಟೀಮು ಸುತ್ತ ನಿಂತಿರುತ್ತಿತ್ತು. ನಾನು ಓಡಿಸಲಿಲ್ಲ. ಗೆಳತಿಗೆ ಧೈರ್ಯವಾಗಲಿ ಎಂದುಕೊಂಡೆ. ಎರಡು ದಿನ ಕಣ್ಣು ಕುಪ್ಪಳಿಸಿತು, ಪೆನ್ನು ದೂರದಲ್ಲೇ ಎರಡಾಯಿತು, ತಲೆ ಸುತ್ತಿತು. ಮೂರನೇ ದಿನ ಸ್ವಲ್ಪ ಮೇಲು. ಐದನೇ ದಿನ ಬಹಳ ಮೇಲು. ಎಂಟನೇ ದಿನ ಪೆನ್ನು ಮೂಗಿಗೆ ತಾಗುವ ಹೊತ್ತಿಗೆ, "ಈಗ ಎಲ್ಡು ಸಾ" ಎಂದಳು. ನೋವಿಲ್ಲ, ಸುತ್ತಿಲ್ಲ, ವಾಕರಿಕೆಯಿಲ್ಲ, ಮಬ್ಬಿಲ್ಲ. ಕಣ್ಣು ಇನ್ನೂ ಸ್ವಲ್ಪ ಹಾರುತ್ತಿದೆ ಎಂದು ನನಗೆ ಕಂಡಿತು. ಕನ್ನಡಕದ ದೋಷವಿರಬೇಕೆಂದು 'ಉತ್ತಮ' ಎಂದು ಬರೆದುಕೊಂಡೆ. ಅವತ್ತು ಬಸ್ಸಿನಲ್ಲಿ ಖುಷಿಯಿಂದ ಕಂಡಕ್ಟರನ ಜೊತೆ ಮಾತಾಡಿದೆ. ಅವನಿಗೆ ಗಾಬರಿಯಾಯಿತು.

ಗುರುವಾರ ಕೊನೆಯ ಪರೀಕ್ಷೆ. ಅವಳನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, "ತಲೆ ಅಲ್ಲಾಡ್ಸಬ್ಯಾಡ ಕೂಸು" ಎಂದು ಪೆನ್ನು ಎತ್ತಿದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೆಡ್‌ಮಾಸ್ತರು. ಅವರ ರೂಮು ಅಲ್ಲಿಂದ ಐವತ್ತು ಹೆಜ್ಜೆ, ಕಿಟಕಿಯಲ್ಲಿ ಅವರ ತಲೆ ಕಾಣುತ್ತಿತ್ತು. ಆದರೂ ಫೋನು. ಗೇಟು ತೆರೆದು ಹಾಕಿದ್ದು ಯಾರು, ಆಡು ಬಂದು ದಾಸವಾಳ ತಿನ್ನುತ್ತಿವೆ, ಪಿ.ಟಿ. ಮೇಷ್ಟ್ರು ಇರುವುದು ಯಾತಕ್ಕೆ ಎಂದು ಕೇಳುತ್ತಿದ್ದರು. ನಾನು ಎಡಗೈಯಲ್ಲಿ ಫೋನು ಹಿಡಿದು, ಆಡುಗಳ ಕಡೆ ತಿರುಗಿ, ಹೌದು ಸಾರ್, ಹೌದು ಸಾರ್ ಎನ್ನುತ್ತಿದ್ದೆ. ಬಲಗೈಯಲ್ಲಿ ಪೆನ್ನು ಎತ್ತಿ ಹಿಡಿದದ್ದು ಹಾಗೇ ಇತ್ತು. ಅಲ್ಲಾಡಿರಲಿಲ್ಲ.

ಓರೆಗಣ್ಣಿನಲ್ಲಿ ನೋಡಿದೆ. ಅವಳ ಕಣ್ಣು ಬಲಕ್ಕೆ ಹೋದವು. ಎಡಕ್ಕೆ ಬಂದವು. ಮೇಲೆ ಹೋದವು. ಕೆಳಗೆ ಬಂದವು. ತಲೆ ಅಲ್ಲಾಡಲಿಲ್ಲ. ಪೆನ್ನು ಎಲ್ಲಿತ್ತೋ ಅಲ್ಲೇ ಇತ್ತು. ಸ್ವಲ್ಪ ಹೊತ್ತು ಬಿಟ್ಟು, "ಈಗ ಎಲ್ಡು ಸಾ" ಎಂದಳು. ಆಮೇಲೆ ಒಂದೊಂದಕ್ಕೂ ಯೋಚನೆ ಮಾಡುವ ಹಾಗೆ ನಿಲ್ಲಿಸಿ ನಿಲ್ಲಿಸಿ, "ನೋವಿಲ್ಲ ಸಾ. ಸುತ್ತಿಲ್ಲ ಸಾ. ವಾಕರ್ಕಿಲ್ಲ ಸಾ. ಮಬ್ಬಿಲ್ಲ ಸಾ" ಎಂದು ಮುಗಿಸಿದಳು.

ಹೆಡ್‌ಮಾಸ್ತರು ಇನ್ನೂ ಫೋನಿನಲ್ಲಿದ್ದರು. ಕಟ್ ಮಾಡಿದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ.

"ಲೇ, ಯಾರ್ ಕಲ್ಸುದ್ದು ಇದ?" ಎಂದು ಟೀಮಿನ ಕಡೆ ತಿರುಗಿದೆ. ಕ್ಯಾಪ್ಟನ್ ಮಾತ್ರ ಮುಂದೆ ಬಂದಳು. ಅವಳೂ ಅದೇ ಹಾಸ್ಟೆಲ್ಲಿನವಳು, ಕೌದಳ್ಳಿಯ ಹುಡುಗಿ, ಓದಿನಲ್ಲಿ ಮುಂದು, ಭಯ ಕಮ್ಮಿ.

"ನಾವೇ ಸಾ" ಎಂದಳು. "ಪಾಸಿಂಗ್ ಪ್ಯಾಕೇಜ್ ಮಾಡ್ಕೊಟ್ಟೋ."

ಹತ್ತನೇ ಕ್ಲಾಸಿನ ಫಲಿತಾಂಶದ ಗೋಳು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದುಳಿದ ಮಕ್ಕಳಿಗೆ ಇಡೀ ಪುಸ್ತಕ ಬೇಡ, ಬಂದೇ ಬರುವ ಪ್ರಶ್ನೆಗಳನ್ನು ಆರಿಸಿ, ಉತ್ತರ ಬರೆಸಿ, ಉರು ಹೊಡೆಸಿ, ಮೂವತ್ತೈದು ದಾಟಿಸಿಬಿಡುವುದು. ಅದಕ್ಕೆ ಪಾಸಿಂಗ್ ಪ್ಯಾಕೇಜ್ ಎನ್ನುತ್ತಾರೆ. ಪ್ರತಿ ಮೇಷ್ಟ್ರಿಗೂ ಐದೈದು ಮಕ್ಕಳನ್ನು ದತ್ತು ಕೊಟ್ಟಿರುತ್ತಾರೆ. ಪಿ.ಟಿ. ಮೇಷ್ಟ್ರಿಗೂ ಕೊಟ್ಟಿದ್ದರು. ನನ್ನ ಐವರಲ್ಲಿ ಇವಳೂ ಒಬ್ಬಳು. "ಅರ್ಥ ಆಗ್ದಿದ್ರೂ ಚಿಂತಿಲ್ಲ, ಬಾಯ್ಪಾಠ ಮಾಡು, ಪೇಪರ್ ನೋಡುದ್ ತಕ್ಷಣ ಕೈ ತಾನಾಗೇ ಬರೀಬೇಕು" ಎಂದು ಒಂದು ತಿಂಗಳಿಂದ ಅವಳಿಗೆ ಹೇಳಿಕೊಟ್ಟವನು ನಾನೇ. ವಿಜ್ಞಾನದಲ್ಲಿ ಅವಳಿಗೆ ಹತ್ತಿರಲಿಲ್ಲ. ಇದರಲ್ಲಿ ಹತ್ತಿತ್ತು.

ಕ್ಯಾಪ್ಟನ್ ನೋಟ್‌ಬುಕ್ಕು ತಂದು ತೋರಿಸಿದಳು. ಮುಚ್ಚಿಡುವಂಥ ಕೆಲಸ ಮಾಡಿದ್ದೇವೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ದುಂಡಗಿನ ಅಕ್ಷರ, ಮುಖ್ಯವಾದದ್ದಕ್ಕೆ ಕೆಂಪು ಗೆರೆ. 'ಬಲಕ್ಕೆ: ಮನಸ್ಸಿನಲ್ಲಿ ನಾಲ್ಕು ಎಣಿಸು. ಎಡಕ್ಕೆ: ನಾಲ್ಕು. ಮೇಲೆ: ಮೂರು. ಕೆಳಗೆ: ಮೂರು. ಪೆನ್ನು ನೋಡಬೇಡ, ಸುತ್ತು ಬರುತ್ತದೆ. ಸಾರ್ ಹಿಂದಿನ ಮರಗಳ ಮೇಲೆ ಕಣ್ಣು ಆಡಿಸು. ಮೂಗಿಗೆ ತಾಗುವ ಹಾಗಾದಾಗ ಎರಡು ಎನ್ನು. ಮೊದಲೇ ಎರಡು ಕಂಡರೂ ಹೇಳಬೇಡ. ನಾಲ್ಕು ಪ್ರಶ್ನೆಗೂ ಉತ್ತರ: ಇಲ್ಲ. ಬೇಗ ಹೇಳಬಾರದು.' ನಾನು ಕೈ ಆಡಿಸುವುದು ಡ್ರಿಲ್ ಮಾಡಿಸಿದ ಹಾಗೆ, ಒಂದೇ ತಾಳ. ಅದನ್ನು ಕಲಿಯುವುದು ಕಷ್ಟವೇ ಅಲ್ಲ. ದಿನಾ ಸಂಜೆ ಹಾಸ್ಟೆಲ್ಲಿನ ಜಗುಲಿಯಲ್ಲಿ ಹನ್ನೊಂದು ಹುಡುಗಿಯರು ಸರದಿಯ ಮೇಲೆ ಪೆನ್ನು ಹಿಡಿದು ಕಲಿಸಿದ್ದರು.

ಸಿಟ್ಟು ನೆತ್ತಿಗೇರಿತು. ಬೈದೆ. ಏನೇನು ಬೈದೆನೋ ಬರೆಯುವುದಿಲ್ಲ. ಆ ಹುಡುಗಿ ಬೆಂಚಿನ ಮೇಲೆ ಕೂತೇ ಇದ್ದಳು. ಬೈಗುಳ ಮುಗಿದ ಮೇಲೆ, "ಸಾ, ಒಂದ್ ದಿಸ ಆಡ್ಸ್‌ಬುಡಿ ಸಾ. ಬೀಳಾಕಿಲ್ಲ. ಆಮೇಕ ಎಷ್ಟ್ ದಿಸ ಬೇಕಾದ್ರೂ ಮಲಿಕತ್ತಿನಿ" ಎಂದಳು.

ಅದನ್ನು ಕೇಳಿ ನನ್ನ ಬುದ್ಧಿ ಎಲ್ಲೆಲ್ಲಿಗೆ ಹೋಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಶುಕ್ರವಾರ ಡಾಕ್ಟರಮ್ಮನ ಹತ್ತಿರ ಹೋಗದಿದ್ದರೆ ಆಯಿತು. ಆಯ್ಕೆಯವರು ಕಾಲು ನೋಡುತ್ತಾರೆ, ಕಣ್ಣು ನೋಡುವುದಿಲ್ಲ. ಏಳು ಏಳು ನಿಮಿಷದ ಆಟ, ಅಬ್ಬಬ್ಬಾ ಎಂದರೆ ಅರ್ಧ ಗಂಟೆ. ಈ ಹುಡುಗಿ ಇನ್ನೂ ಐವತ್ತು ವರ್ಷ ಸೌದೆ ಹೊರುವುದೋ ಇಲ್ಲವೋ ಎಂಬುದು ಆ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಬೀಳದೇ ಇದ್ದರೆ? ಬಹಳ ಸಲ ಬೀಳುವುದಿಲ್ಲವಲ್ಲ. ಹೀಗೆಲ್ಲ ಯೋಚಿಸುತ್ತಾ ಆಡುಗಳನ್ನು ಹೊರಗೆ ಅಟ್ಟಿ, ಗೇಟು ಹಾಕಿ ಬಂದೆ. ಬಂದು, ಪೆನ್ನನ್ನು ಸುಮ್ಮನೆ ಅವಳ ಮುಂದೆ ಹಿಡಿದು, "ಈಗ ನಿಜ್ವಾಗ್ಲೂ ನೋಡು" ಎಂದೆ. ಓರೆಯಾಗಿ, ತಾಳವಿಲ್ಲದೆ ಆಡಿಸಿದೆ. ಎರಡು ಸಲ ಆಡಿಸುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತು, ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಣೆಯ ಮೇಲೆ ಬೆವರು. ಒಂದು ವಾರದಿಂದ ಅವಳು ಇದನ್ನು ಇಟ್ಟುಕೊಂಡು ನನಗೆ 'ಇಲ್ಲ ಸಾ' ಎನ್ನುತ್ತಿದ್ದಳು.

"ಇಲ್ಲ ಕೂಸು" ಎಂದೆ. "ಆಡ್ಸಲ್ಲ."

ಅವಳು ಅಳಲಿಲ್ಲ. ಕ್ಯಾಪ್ಟನ್ ಅತ್ತಳು. ಅವಳ ಹಿಂದೆ ಮಿಕ್ಕವರೆಲ್ಲ ಅತ್ತರು. ಸ್ಟಾಫ್ ರೂಮಿನವರು, ಪಿ.ಟಿ. ಮೇಷ್ಟ್ರು ಹೆಣ್ಣು ಮಕ್ಕಳಿಗೆ ಹೊಡೆದರೇನೋ ಎಂದು ಹೊರಗೆ ಬಂದು ನೋಡಿದರು.

ಮಾರನೆಯ ದಿನ ಹುಡುಗಿಯನ್ನು ಕರೆದುಕೊಂಡು ಹೋಗಿ ಡಾಕ್ಟರಮ್ಮನಿಗೆ ನೋಟ್‌ಬುಕ್ಕು ತೋರಿಸಿದೆ. ಆಕೆ ಪೂರ್ತಿ ಓದಿ, "ಚೆನ್ನಾಗಿ ಬರೆದಿದ್ದಾರೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಎದುರಿಗೆ ಏನಾದರೂ ಚಲಿಸ್ತಾ ಇದ್ದರೆ ಮಾತ್ರ ಕಣ್ಣು ನುಣ್ಣಗೆ ಜಾರುತ್ತೆ ಸರ್. ಸುಮ್ಮನೆ ತಿರುಗಿಸಿದರೆ ಹಾರಿ ಹಾರಿ ಹೋಗುತ್ತೆ. ಅದು ನಿಮಗೆ ಕಾಣಲಿಲ್ಲವಾ?" ಎಂದಳು.

"ಕಂಡಿತ್ತು" ಎಂದೆ.

"ಮತ್ತೆ?"

"ಉತ್ತಮ ಅಂತ ಬರೆದುಕೊಂಡೆ."

ಆಕೆ ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಹುಡುಗಿಗೆ ಇನ್ನೂ ಮೂರು ವಾರ ವಿಶ್ರಾಂತಿ ಎಂದು ಬರೆದುಕೊಟ್ಟಳು.

ಶನಿವಾರ ಯಳಂದೂರಿಗೆ ಹನ್ನೊಂದು ಜನರನ್ನು ಕರೆದುಕೊಂಡು ಹೋದೆ. ಆಯ್ಕೆಯವರಿಗೆ ಅವಳ ವಿಷಯ ಹೇಳಿದೆ. ಇಂಥ ಓಟಗಾರ್ತಿ ಜಿಲ್ಲೆಯಲ್ಲೇ ಇಲ್ಲ, ಒಂದು ತಿಂಗಳು ಬಿಟ್ಟು ನೋಡಿ ಎಂದು ಕೈ ಮುಗಿದು ಕೇಳಿದೆ. ಅವರು ಮರ್ಯಾದೆಯಿಂದಲೇ, ಎದುರಿಗೆ ಇರುವವರನ್ನು ಮಾತ್ರ ನೋಡಲು ಬರುತ್ತದೆ ಎಂದರು. ನಮ್ಮ ಕ್ಯಾಪ್ಟನ್‌ಗೆ ಸೀಟು ಸಿಕ್ಕಿತು. ಹೆಸರು ಕೂಗಿದಾಗ ಅವಳು ಎದ್ದು ನಿಲ್ಲಲಿಲ್ಲ. ನಾನು ಬೈದು ನಿಲ್ಲಿಸಬೇಕಾಯಿತು.

ಸಂಜೆ ಗೋಪಿನಾಥಂನ ಆ ತಾಯಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ, ಪೆನ್ನು, ಕಣ್ಣು, ಇನ್ನೊಂದು ಏಟು ಬಿದ್ದರೆ ಏನಾಗುತ್ತಿತ್ತು ಎಂಬುದು. ಅವರು ಕೊನೆಯವರೆಗೂ ಕೇಳಿಸಿಕೊಂಡರು. "ಆಡುದ್ರ ಬಿದ್ದೇ ಬೀಳವಳು ಅಂತಿತ್ತಾ ಸಾ?" ಎಂದು ಕೇಳಿದರು. ಇಲ್ಲಮ್ಮ, ಹಾಗೇನಿಲ್ಲ ಎಂದೆ. "ಸರಿ ಬುಡಿ" ಎಂದರು. ಅದಕ್ಕಿಂತ ಅವರು ನನ್ನನ್ನು ಬಾಯಿಗೆ ಬಂದ ಹಾಗೆ ಬೈದಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಮೂರು ವಾರ ಕಳೆದ ಮೇಲೆ ಅವಳನ್ನು ಮತ್ತೆ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಪೆನ್ನನ್ನು ಹೇಗೆಹೇಗೋ ಆಡಿಸಿದಳು. ಒಂದು ಕಾಲಿನ ಮೇಲೆ ನಿಲ್ಲಿಸಿದಳು, ತಲೆ ಅಲ್ಲಾಡಿಸಲು ಹೇಳಿದಳು, ಹೊರಗೆ ಕರೆದುಕೊಂಡು ಹೋಗಿ ಆಸ್ಪತ್ರೆ ಅಂಗಳದಲ್ಲಿ ಓಡಿಸಿದಳು. ಎಲ್ಲ ಸರಿಯಾಗಿತ್ತು. ಈ ಸಲ ನಾನು ಏನೂ ಬರೆದುಕೊಳ್ಳಲಿಲ್ಲ. ಆಕೆಯೇ ಒಂದು ಚೀಟಿ ಬರೆದು ಸೀಲು ಹಾಕಿ ಹುಡುಗಿಯ ಕೈಗೇ ಕೊಟ್ಟಳು: ಪೂರ್ಣ ಗುಣವಾಗಿದೆ, ಎಲ್ಲ ಆಟಗಳನ್ನೂ ಆಡಬಹುದು. "ಜೋಪಾನವಾಗಿ ಇಟ್ಟುಕೊಳ್ಳಮ್ಮ" ಎಂದಳು.

ಬಸ್ ಸ್ಟ್ಯಾಂಡಿನಲ್ಲಿ ಹನೂರಿನ ಬಸ್ಸಿಗೆ ಕಾಯುತ್ತಾ ಕೂತಿದ್ದೆವು. ಅವಳಿಗೆ ಬೋಂಡ ತಂದುಕೊಟ್ಟೆ. ಅವಳು ಬೋಂಡ ಪಕ್ಕದಲ್ಲಿಟ್ಟು ಚೀಟಿಯನ್ನು ಎರಡು ಸಲ ಓದಿದಳು. ಓದಿ, ಮಡಿಸಿ, ನನ್ನ ಕಡೆ ಚಾಚಿದಳು.

"ಇದ ನೀವೇ ಮಡಿಕಳಿ ಸಾ. ನಮ್ಮೂರ್ಲಿ ಯಾರ್ಗ್ ತೋರ್ಸಾನ?"

ಸಿಟ್ಟಿನಿಂದ ಹೇಳಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ನನ್ನ ಮುಖವನ್ನೇ ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದಳು.